ಫಕೀರಪ್ಪ ಕಾಕಾ ನೋಡಿದ ಸದ್ದು

ಹೋದ ಭಾನುವಾರ ಹುಬ್ಬಳ್ಳಿಯ ಮಾಲ್‌ನಲ್ಲಿ ಸಿನಿಮಾ ನೋಡುತ್ತ ಕುಳಿತಿದ್ದಾಗ ಮೂರನೇ ಸಲ ಹೆಂಡತಿಯ ಕಡೆ ಬಾಗಿ "ಏನಂದ ಅವ?" ಎಂದು ಕೇಳಿದೆ. ಮೊದಲೆರಡು ಸಲ ಅವಳು ತಾಳ್ಮೆಯಿಂದ ಹೇಳಿದ್ದಳು. ಈ ಸಲ, "ರೀ, ನೀವು ಪಿಕ್ಚರ್ ನೋಡಾಕ ಬಂದೀರೋ, ನನ್ನ ಕಡೆಯಿಂದ ಕಥಿ ಹೇಳಿಸ್ಕೊಳ್ಳಾಕ ಬಂದೀರೋ?" ಎಂದಳು. ಆ ಬದಿಯಲ್ಲಿ ಕುಳಿತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ನನಗೆ ಸಿಟ್ಟು ಬಂತು. ಹೆಂಡತಿಯ ಮೇಲಲ್ಲ, ಸಿನಿಮಾ ಹಾಲಿನ ಮೇಲೆ. ಚಿತ್ರಮಂದಿರಗಳಿಗೆ ಸೌಂಡ್ ಸಿಸ್ಟಮ್ ಜೋಡಿಸುತ್ತಲೇ ಹೊಟ್ಟೆ ಹೊರೆದುಕೊಂಡು ಬಂದವನು ನಾನು. ಪಾತ್ರಗಳ ಮಾತು ಬರುವುದು ಪರದೆಯ ಹಿಂದೆ ನಟ್ಟನಡುವೆ ಇರುವ ಸ್ಪೀಕರಿನಿಂದ. ಅದನ್ನು ಯಾರೋ ತಗ್ಗಿಸಿ ಇಟ್ಟಿದ್ದಾರೆ, ಇಂಟರ್ವಲ್ ಆದ ಕೂಡಲೇ ಮ್ಯಾನೇಜರನ ಕೋಣೆಗೆ ಹೋಗಿ ನಾಲ್ಕು ಮಾತು ಹೇಳಿಯೇ ಬರಬೇಕು ಎಂದು ಮನಸ್ಸಿನಲ್ಲೇ ಆ ನಾಲ್ಕು ಮಾತು ಜೋಡಿಸತೊಡಗಿದೆ. ಆಗ ನನ್ನ ಬಾಗಿದ ಹೆಗಲು ನನಗೇ ಗುರುತು ಸಿಕ್ಕಿತು. ಹಾಗೆ ಬಾಗಿ ಕೇಳುವ ಹೆಗಲುಗಳನ್ನು ನನಗೆ ಮೊದಲು ತೋರಿಸಿದವರು ಫಕೀರಪ್ಪ ಕಾಕಾ. ಅದಾಗಿ ಹದಿನಾರು ಹದಿನೇಳು ವರ್ಷವೇ ಆಗಿರಬೇಕು, ಇದೇ ಹುಬ್ಬಳ್ಳಿಯಲ್ಲಿ, ಒಂದು ಮಳೆಗಾಲದಲ್ಲಿ.

ಆಗ ನನಗೆ ಇಪ್ಪತ್ತಾರು. ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕಂಪನಿಯೊಂದಕ್ಕೆ ಸೇರಿ ಎರಡು ವರ್ಷವಾಗಿತ್ತು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸದ್ದು ಅಳೆಯುವ ಮೀಟರು. ಆ ಮೀಟರು ಕೈಗೆ ಬಂದ ಮೇಲೆ ಮನುಷ್ಯರ ಮಾತು ನಂಬುವುದನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದೆ.

ಅದು ರೀಲು ಹೋಗಿ ಡಿಜಿಟಲ್ ಬರುತ್ತಿದ್ದ ಕಾಲ. ತಗಡಿನ ಡಬ್ಬಿಯೊಳಗೆ ಕುಳಿತು ಬಸ್ಸಿನಲ್ಲಿ ಬರುತ್ತಿದ್ದ ಸಿನಿಮಾ ಇನ್ನು ಮುಂದೆ ಛಾವಣಿಯ ಮೇಲಿನ ಡಿಶ್ಶಿಗೆ ಆಕಾಶದಿಂದ ಇಳಿಯುತ್ತದೆ ಎಂದು ನಾನು ಹೇಳಿದರೆ ಟಾಕೀಸಿನ ಗೇಟಿನವರು ನಗುತ್ತಿದ್ದರು. ನನ್ನನ್ನು ಕಳಿಸಿದ್ದು ಹಳೇ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಟಾಕೀಸಿಗೆ. ಕೆಳಗೆ ಕಟ್ಟಿಗೆಯ ಕುರ್ಚಿ, ಮೇಲೆ ಬಾಲ್ಕನಿ, ಅದರ ಮೇಲೆ ಪತ್ರಾಸಿನ, ಅಂದರೆ ತಗಡಿನ ಛಾವಣಿ. ಅದನ್ನು ನಡೆಸುತ್ತಿದ್ದವರು ಶಾಂತಕ್ಕ. ಅವರ ತಂದೆ ಅರಳೆ ವ್ಯಾಪಾರ ಮಾಡುತ್ತ ಕಟ್ಟಿಸಿದ್ದ ಟಾಕೀಸು. ತಂದೆ ಹೋದ ಮೇಲೆ ಅಣ್ಣ ತಮ್ಮಂದಿರು ಅಂಗಡಿ ಹಿಡಿದರು, ಇವರು ಇದನ್ನು ಹಿಡಿದರು. ದೇಶಪಾಂಡೆ ನಗರದ ಮನೆಯಿಂದ ದಿನಾ ಹನ್ನೊಂದಕ್ಕೆ ಬಂದು ಬೀಳುತ್ತಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಚೀಲ. ಹೊಸ ಸಿನಿಮಾ ಬಂದರೆ ಮೊದಲ ಮ್ಯಾಟಿನಿಗೆ ಬಾಲ್ಕನಿಯಲ್ಲಿ ಹೆಣ್ಣುಮಕ್ಕಳ ನಡುವೆ ಕುಳಿತು ಪೂರ್ತಿ ನೋಡಲೇಬೇಕು. ತಾವು ನೋಡದ ಸಿನಿಮಾ ಬೇರೆಯವರಿಗೆ ತೋರಿಸಬಾರದು ಎಂಬುದು ಅವರ ನೇಮ.

"ತಮ್ಮಾ," ಎಂದರು ಮೊದಲ ದಿನವೇ, "ಆಷಾಢದಾಗ ಏನ ಬೇಕಾದ್ದು ಬಿಚ್ಚು, ಏನ ಬೇಕಾದ್ದು ಕಟ್ಟು. ಚಾಲೂ ಮಾತ್ರ ಶ್ರಾವಣದ ಮೊದಲನೇ ಶುಕ್ರವಾರ ಆಗಬೇಕು. ಇನ್ನೊಂದು ಮಾತು. ಹೊಸಾ ಮಷೀನಿಗೆ ಒಬ್ಬ ಆಪರೇಟರ್ ಸಾಕಂತ. ನನ್ನ ಕಡೆ ಇಬ್ಬರದಾರ. ಇಬ್ಬರಾಗ ಯಾರನ್ನ ಇಟ್ಕೊಳ್ಳೂದು ಅಂತ ನೀನ ನೋಡಿ ಹೇಳು. ನನಗ ಇಬ್ಬರೂ ಬೇಕಾದವರ, ಅದಕ್ಕ ನನ್ನ ಕೈಲೆ ಆಗೂದಿಲ್ಲ."

ಇಬ್ಬರಲ್ಲಿ ಒಬ್ಬ ರಮೇಶ. ಮೂವತ್ತರ ಹುಡುಗ, ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವನು. ಇನ್ನೊಬ್ಬರು ಫಕೀರಪ್ಪ ಕಾಕಾ, ಐವತ್ತೈದು ದಾಟಿದವರು, ಉಪ್ಪಿನಬೆಟಗೇರಿಯಿಂದ ಬಂದು ಹುಬ್ಬಳ್ಳಿಯವರೇ ಆಗಿಬಿಟ್ಟವರು. ರೀಲಿನ ಮಷೀನಿನ ಪಕ್ಕ ನಿಂತೂ ನಿಂತೂ ಎಡಗಡೆಗೆ ತುಸು ವಾಲಿದ್ದರು. ಹಾಲಿನೊಳಕ್ಕೆ ನೋಡಲು ಆ ಕೋಣೆಗೆ ಒಂದು ಅಂಗೈಯಗಲದ ಗಾಜಿನ ಕಿಂಡಿ. ಕಿಂಡಿಗೆ ಕಣ್ಣು, ವಾಲ್ಯೂಮಿನ ಗುಂಡಿಯ ಮೇಲೆ ಬಲಗೈ. ಸಿನಿಮಾ ನಡೆದಷ್ಟು ಹೊತ್ತೂ ಆ ಕೈ ಸುಮ್ಮನಿರುತ್ತಿರಲಿಲ್ಲ, ತುಸು ಏರಿಸುವುದು, ತುಸು ಇಳಿಸುವುದು. ಇವರಷ್ಟು ಚಲೋ ಸೌಂಡ್ ಕೊಡುವವರು ಊರಲ್ಲೇ ಇಲ್ಲ ಎಂದು ಚಹಾದ ಅಂಗಡಿಯವನೂ ಹೇಳುತ್ತಿದ್ದ.

"ಯಾಕ ಕಾಕಾ ಹಂಗ ತಿರುವತೀರಿ?" ಎಂದು ಒಮ್ಮೆ ಕೂಗಿ ಕೇಳಿದೆ. ರೀಲಿನ ಮಷೀನು ಓಡುವಾಗ ಆ ಕೋಣೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು.

"ಪಿಕ್ಚರ್ ಒಂದ ಇದ್ರೂ ಮಂದಿ ದಿನಾ ಒಂದ ಇರೂದಿಲ್ರಿ ಸಾಹೇಬ್ರ," ಎಂದರು.

ನಾನು ಒಳಗೊಳಗೇ ನಕ್ಕೆ. ಹೊಸ ಸಿಸ್ಟಮ್ಮಿನಲ್ಲಿ ಈ ತಿರುವಾಟವೇ ಇಲ್ಲ. ಮೀಟರು ಹಿಡಿದು ಒಮ್ಮೆ ಸರಿಮಾಡಿ, ಗುಂಡಿಯನ್ನು ಏಳನೇ ನಂಬರಿಗೆ ನಿಲ್ಲಿಸಿ, ಮೇಲೊಂದು ಗಾಜಿನ ಬಾಗಿಲು ಹಾಕಿ ಕೀಲಿ ಜಡಿಯಬೇಕೆಂದು ನಮ್ಮ ಕಂಪನಿಯ ಕಟ್ಟಳೆ. ಸಿನಿಮಾ ಮಾಡಿದವರು ಯಾವ ಸದ್ದು ಬಯಸಿದರೋ ಅದೇ ಸದ್ದು ಹುಬ್ಬಳ್ಳಿಯವರಿಗೂ ಕೇಳಬೇಕು, ನಡುವೆ ಯಾರ ಕೈಯೂ ಬರಬಾರದು. ಆ ಮಾತನ್ನು ನಾನು ಮಂತ್ರದ ಹಾಗೆ ಹೇಳುತ್ತಿದ್ದೆ, ಮನಸಾರೆ ನಂಬಿಯೂ ಇದ್ದೆ.

ಆಷಾಢವಿಡೀ ಜಿಟಿಜಿಟಿ ಮಳೆ. ನಾನು ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಿ ಉಣಕಲ್ ಕೆರೆ ತುಂಬುವುದನ್ನು ದಿನದಿನವೂ ಕಿಟಕಿಯಿಂದ ನೋಡುತ್ತ ಬರುತ್ತಿದ್ದೆ. ನಾನು ಬಂದ ನಾಲ್ಕು ದಿನಕ್ಕೆ ಶೋಗಳನ್ನು ನಿಲ್ಲಿಸಿದರು. ಗೋಡೆಯ ಉದ್ದಕ್ಕೂ ಸ್ಪೀಕರು, ಹಿಂದೆ ಸ್ಪೀಕರು, ಹೊಸ ಬಿಳಿ ಪರದೆ. ಮಧ್ಯಾಹ್ನ ಫಕೀರಪ್ಪ ಕಾಕಾ ರೊಟ್ಟಿಯ ಗಂಟು ಬಿಚ್ಚಿ, ನಾನು ಬೇಡವೆಂದರೂ ಎರಡು ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆ ತಳ್ಳುತ್ತಿದ್ದರು. ರೀಲಿನ ಮಷೀನನ್ನು ಕಳಚಿ ಇಳಿಸಿದ ದಿನ ಅದರ ಮೇಲೆ ಕೈ ಸವರಿ, ಸ್ವಲ್ಪ ಎಣ್ಣೆ ಹಾಕಿದರು. ಇನ್ನೆಂದೂ ಓಡದ ಮಷೀನಿಗೆ ಎಣ್ಣೆ ಯಾಕೆಂದು ನಾನು ಕೇಳಲಿಲ್ಲ.

ಹೊಸ ಮಷೀನು ಬಂದ ಮೇಲೆ ಆ ಕೋಣೆ ಸುಮ್ಮನಾಯಿತು. ಫ್ಯಾನಿನಷ್ಟೂ ಸದ್ದಿಲ್ಲ. ಈಗ ಯಾರೂ ಕೂಗಬೇಕಾಗಿರಲಿಲ್ಲ, ನಾನೂ ರಮೇಶನೂ ಮೆಲ್ಲಗೆ ಮಾತಾಡತೊಡಗಿದೆವು. ಫಕೀರಪ್ಪ ಕಾಕಾ ಎರಡೆರಡು ಸಲ "ಆಂ?" ಎನ್ನತೊಡಗಿದರು. ವಯಸ್ಸಾಯಿತು, ಹೊಸದು ತಲೆಗೆ ಹತ್ತುವುದಿಲ್ಲ ಎಂದುಕೊಂಡೆ.

ಶ್ರಾವಣಕ್ಕೆ ಹತ್ತು ದಿನವಿದ್ದಾಗ ಸ್ಪೀಕರುಗಳ ಪರೀಕ್ಷೆ ಇಟ್ಟುಕೊಂಡೆ. ಒಂದೊಂದೇ ಸ್ಪೀಕರಿಗೆ "ಶ್‌ಶ್" ಎಂಬ ಸದ್ದು ಬಿಡುವುದು. ಹಾಲಿನ ನಡುವೆ ಕುಳಿತವರು ಅದು ಬಂದ ದಿಕ್ಕಿಗೆ ಕೈ ಎತ್ತಿ ತೋರಿಸುವುದು. ನಾನು ಮೇಲೆ ಕಿಂಡಿಯಲ್ಲಿ, ಫಕೀರಪ್ಪ ಕಾಕಾ ಕೆಳಗೆ ಕುರ್ಚಿಯಲ್ಲಿ. ಎಡಕ್ಕೆ ಬಿಟ್ಟೆ, ಎಡಗೈ ಎತ್ತಿದರು. ನಡುವೆ, ಬಲಕ್ಕೆ, ಹಿಂದೆ ಬಲಕ್ಕೆ, ಹಿಂದೆ ಎಡಕ್ಕೆ. ಒಂದೂ ತಪ್ಪಲಿಲ್ಲ. ಶಾಭಾಸ್ ಎಂದು ಇಳಿದುಬಂದು, ಮೀಟರು ಹಿಡಿದು ಹಾಲು ಸುತ್ತಿದೆ. ಹಿಂದಿನ ಎಡಗಡೆಯ ಸ್ಪೀಕರುಗಳು ಸತ್ತು ಮಲಗಿದ್ದವು. ವಾಯರನ್ನು ಇಲಿ ಕಡಿದಿತ್ತು. ಕಡಿದ ತುದಿಗೆ ಧೂಳು ಮೆತ್ತಿತ್ತು, ಹಿಂದಿನ ದಿನವೇ ಕಡಿದದ್ದು.

"ಕಾಕಾ, ಇಲ್ಲಿ ಸದ್ದ ಬಂದಿಲ್ಲ. ನೀವು ಕೈ ಎತ್ತಿದ್ರಲ್ಲ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ನೋಟ ಅದುವರೆಗೆ ನನಗೆ ವಿನಯದ ಹಾಗೆ ಕಂಡಿತ್ತು. ಆಮೇಲೆ ಪಕ್ಕದ ಕುರ್ಚಿ ತೋರಿಸಿ ಕೂಡ್ರಿ ಎಂದರು.

"ಎಡಗಿವಿ ಪೂರಾ ಹೋಗೈತ್ರಿ. ಬಲಗಿವ್ಯಾಗ ಒಂದ ಚೂರು ಉಳದೈತಿ. ನೀವು ಎಣಿಸಿ ಎಣಿಸಿ ಬಿಡತಿದ್ರಿ, ನಾನೂ ಎಣಿಸಿ ಎಣಿಸಿ ಕೈ ಎತ್ತಿದೆ. ಯಾವುದಾದ ಮ್ಯಾಲ ಯಾವುದು ಅಂತ ನೀವು ಮೊದಲ ಹೇಳಿದ್ರಿ, ಅದು ನೆನಪಿತ್ತು."

"ಎಷ್ಟ ವರ್ಷ ಆತು?"

"ಆರೇಳು ವರ್ಷ. ಒಂದಿನಾ ಮ್ಯಾಟಿನಿಗೆ ನನಗ ಸೌಂಡೇ ಕೇಳಸವಲ್ದು. ಮಷೀನ್ ಕೆಟ್ಟೈತಿ ಅಂತ ಗಾಬರಿಯಾಗಿ ಕಿಂಡ್ಯಾಗ ನೋಡಿದೆ. ಮಂದಿ ಎಲ್ಲಾ ಸುಮ್ಮನ ಕುಂತಾರ, ನಗೂ ಕಡೆ ನಗಾಕತ್ತಾರ. ಅವತ್ತ ತಿಳೀತು, ಕೆಟ್ಟಿದ್ದು ಮಷೀನ್ ಅಲ್ಲ, ನಾನು ಅಂತ." ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು: "ಅಕ್ಕಾರಿಗೆ ಹೇಳಬ್ಯಾಡ್ರಿ ಸಾಹೇಬ್ರ. ಮನ್ಯಾಗ ಕುಂತ್ರ ಎಲ್ಲಾರೂ ಮಾತಾಡತಿರತಾರ, ನನಗ ಏನೂ ಕೇಳಸೂದಿಲ್ಲ. ಇಲ್ಲಾದ್ರ ಎಲ್ಲಾ ಕಾಣಸ್ತೈತಿ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮರುದಿನ ಶಾಂತಕ್ಕ "ಏನ್ ತೀರ್ಮಾನ ಮಾಡಿದಿ ತಮ್ಮಾ?" ಎಂದು ಕೇಳಿದಾಗ ಹೇಳಿಬಿಟ್ಟೆ. ಕಿವಿ ಕೇಳದವರ ಕೈಗೆ ಇಷ್ಟು ದೊಡ್ಡ ಸೌಂಡ್ ಸಿಸ್ಟಮ್ ಕೊಡುವುದು ಸರಿಯಲ್ಲ, ರಮೇಶನೇ ಇರಲಿ ಎಂದೆ. ಶಾಂತಕ್ಕ ಚೀಲದ ಬಾಯಿಯನ್ನು ಸುಮ್ಮನೆ ತೆರೆದು ಮುಚ್ಚಿದರು. "ಫಕೀರಪ್ಪಂದಾ? ಕಿವಿ?" ಎಂದರು. ಆಮೇಲೆ, "ಹಂಗಾದ್ರ ರಮೇಶಗ ಕಲಸು. ಫಕೀರಪ್ಪಗ ನಾನ ಹೇಳತೀನಿ, ಶ್ರಾವಣ ಮುಗಿಲಿ," ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆನೆಂಬ ಹೆಮ್ಮೆಯಲ್ಲಿ ಅವತ್ತು ಬಸ್ಸು ಹತ್ತಿದೆ. ಮರುದಿನ ಮಧ್ಯಾಹ್ನ ಮತ್ತೆ ಎರಡು ರೊಟ್ಟಿ ನನ್ನ ಕಡೆ ಬಂದವು. ತಿಂದೆ. ಇಂದಿಗೂ ಆ ರೊಟ್ಟಿ ನೆನಪಾದರೆ ನಾಚಿಕೆಯಾಗುತ್ತದೆ.

ಶ್ರಾವಣದ ಮೊದಲ ಶುಕ್ರವಾರ. ಹೊಸ ಮಷೀನಿಗೆ ಮಾಲೆ ಹಾಕಿ, ಕಾಯಿ ಒಡೆದು, ಟಾಕೀಸಿನವರು ಛಾವಣಿ ಹತ್ತಿ ಡಿಶ್ಶಿಗೂ ಕುಂಕುಮ ಹಚ್ಚಿ ಬಂದರು. ಮ್ಯಾಟಿನಿಗೆ ಹಾಲು ತುಂಬಿತು. ಕೋಣೆಯಲ್ಲಿ ನಾನು, ರಮೇಶ, ಕಿಂಡಿಯ ಬಳಿ ತಮ್ಮ ಹಳೆಯ ಜಾಗದಲ್ಲೇ ನಿಂತ ಫಕೀರಪ್ಪ ಕಾಕಾ. ಗುಂಡಿ ಏಳಕ್ಕೆ ನಿಂತಿತ್ತು, ಗಾಜಿನ ಬಾಗಿಲಿಗೆ ಕೀಲಿ ಹಾಕಿತ್ತು, ಕೀಲಿಕೈ ನನ್ನ ಕೊರಳಲ್ಲಿತ್ತು.

ಪರದೆಯ ಮೇಲೆ ಚಿತ್ರ ಮೂಡಿದಾಗ ಹಾಲಿನಿಂದ ಒಂದು ಉದ್ಗಾರ ಎದ್ದಿತು. ಗೀರಿಲ್ಲ, ಚುಕ್ಕಿಯಿಲ್ಲ, ಅಲುಗಾಟವಿಲ್ಲ. ಒಬ್ಬ ಸಾಧುವಿನ ಮುಖ ಹತ್ತಿರದಿಂದ ತೋರಿಸಿದಾಗ ಹಣೆಯ ಬೆವರಿನ ಹನಿಗಳನ್ನು ಎಣಿಸಬಹುದಾಗಿತ್ತು. ಗಡ್ಡಕ್ಕೆ ಹಚ್ಚಿದ ಅಂಟೂ ಕಂಡಿತು. ಮುಂದಿನ ಸಾಲಿನಿಂದ ಯಾರೋ "ಗಡ್ಡಾ ಸುಳ್ಳೈತ್ಲೇ!" ಎಂದು ಕೂಗಿದರು, ಇಡೀ ಹಾಲು ನಕ್ಕಿತು. ಸಿನಿಮಾದಲ್ಲಿ ಒಂದು ಗಾಡಿ ಹಿಂದಿನಿಂದ ಬಂದಾಗ ಸದ್ದೂ ಹಿಂದಿನಿಂದಲೇ ಬಂತು. ಜನ ಹಾದಿ ಬಿಡುವವರ ಹಾಗೆ ತಿರುಗಿ ಗೋಡೆಯ ಕಡೆ ನೋಡಿದರು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಅರ್ಧ ಗಂಟೆಯಾಗಿರಬೇಕು. ಫಕೀರಪ್ಪ ಕಾಕಾ ಕಿಂಡಿಯಿಂದ ಕಣ್ಣು ತೆಗೆಯದೆ ಹೇಳಿದರು, "ಸಾಹೇಬ್ರ, ಸೌಂಡ್ ಸಾಲವಲ್ದು. ಏರಿಸ್ರಿ."

ಕೋಣೆಯೊಳಗೆ ಆಪರೇಟರು ಕೇಳಲೆಂದೇ ಇಟ್ಟ ಸಣ್ಣ ಸ್ಪೀಕರಿನಲ್ಲಿ ಮಾತು ಕನ್ನಡಿಯಷ್ಟು ಸ್ವಚ್ಛವಾಗಿ ಬರುತ್ತಿತ್ತು. ಕಿವಿ ಇಲ್ಲದವರು ನನಗೆ ಸೌಂಡ್ ಹೇಳಿಕೊಡುತ್ತಿದ್ದಾರಲ್ಲ ಎಂದು ಬೇಸರವಾಯಿತು. "ಬರೋಬ್ಬರಿ ಐತಿ ಕಾಕಾ. ನನಗ ಕೇಳಸಾಕತ್ತೈತಿ," ಎಂದು ಗಟ್ಟಿಯಾಗಿ ಹೇಳಿದೆ.

"ನಿಮಗ ಕೇಳಸಾಕತ್ತೈತಿ, ಅದಕ್ಕ ನಿಮಗ ಗೊತ್ತಾಗವಲ್ದು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ರಟ್ಟೆ ಹಿಡಿದು ಕಿಂಡಿಗೆ ತಂದು ನಿಲ್ಲಿಸಿದರು. "ಪರದೆ ನೋಡಬ್ಯಾಡ್ರಿ, ಮಂದೀನ ನೋಡ್ರಿ. ಬಾಲ್ಕನ್ಯಾಗ ಹೆಣ್ಮಕ್ಕಳ ಹೆಗಲ ನೋಡ್ರಿ. ಒಬ್ಬರ ಕಡೆ ಒಬ್ಬರು ಬಗ್ಗಾಕತ್ತಾರ. 'ಏನಂದ ಅವ?' ಅಂತ ಕೇಳಾಕತ್ತಾರ. ಸೌಂಡ್ ಭಾಳ ಆದ್ರ ತಾಯಂದಿರ ಕೈ ಕೂಸಿನ ಕಿವಿಗೆ ಹೋಗತೈತಿ. ಬರೋಬ್ಬರಿ ಇದ್ರ ಯಾರೂ ಯಾರ ಕಡೇನೂ ನೋಡೂದಿಲ್ಲ."

ನೋಡಿದೆ. ಪರದೆಯ ಬೆಳಕಿನಲ್ಲಿ ಸಾಲು ಸಾಲು ಹೆಗಲುಗಳು ಎರಡೆರಡಾಗಿ ಬಾಗಿದ್ದವು. ಮೆಟ್ಟಿಲಿಳಿದು ಓಡಿದೆ. ಹಾಲಿನ ಬಾಗಿಲು ತೆರೆದ ಕೂಡಲೇ ತಿಳಿಯಿತು. ಹೊರಗೆ ದಪ್ಪ ಹನಿಯ ಮಳೆ ಶುರುವಾಗಿ, ಪತ್ರಾಸಿನ ಮೇಲೆ ಜೋಳ ಸುರಿದ ಹಾಗೆ ಸದ್ದಾಗುತ್ತಿತ್ತು. ಕಾಂಕ್ರೀಟು ತಾರಸಿಯ ನಮ್ಮ ಕೋಣೆಗೆ ಅದು ಮುಟ್ಟಿರಲೇ ಇಲ್ಲ. ಪರದೆಯ ಮೇಲೆ ತುಟಿಗಳಷ್ಟೇ ಅಲುಗುತ್ತಿದ್ದವು. ನಾನು ಮೀಟರು ಹಿಡಿದು ಅಳೆದದ್ದೆಲ್ಲ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, ಖಾಲಿ ಹಾಲಿನಲ್ಲಿ. ಮಳೆಗಾಲದ ನಡುವೆ ನಿಂತು ಮಳೆಯನ್ನೇ ಮರೆತಿದ್ದೆ.

ಏದುಸಿರು ಬಿಡುತ್ತ ಮೇಲೆ ಬಂದು ಕೊರಳ ಕೀಲಿಕೈಯಿಂದ ಗಾಜಿನ ಬಾಗಿಲು ತೆರೆದೆ. ರಮೇಶ ನನ್ನ ಮುಖ ನೋಡಿದ. "ಕಾಕಾ, ನೀವ ಹಿಡೀರಿ," ಎಂದೆ. ಅವರು ಗುಂಡಿಯ ಮೇಲೆ ಕೈ ಇಟ್ಟು ಕಣ್ಣನ್ನು ಕಿಂಡಿಗಿಟ್ಟರು. ಏಳರಿಂದ ಏಳೂವರೆ. ನಿಂತರು, ನೋಡಿದರು. ಎಂಟರ ಹತ್ತಿರ. ಹಳೆಯ ರೀಲಿನ ಮಷೀನಿನ ಬೆಳಕು ಹೋಗುತ್ತಿದ್ದ ಪಕ್ಕದ ಕಿಂಡಿಯಿಂದ ನಾನೂ ನೋಡುತ್ತಿದ್ದೆ. ಬಾಗಿದ ಹೆಗಲುಗಳು ಒಂದೊಂದೇ ನೆಟ್ಟಗಾಗಿ, ಕೊನೆಗೆ ಇಡೀ ಬಾಲ್ಕನಿ ಪರದೆಯ ಕಡೆ ತಿರುಗಿತು. ಅವರ ಕೈ ಅಲ್ಲಿಗೆ ನಿಂತಿತು. ಇಂಟರ್ವಲ್ ಆದ ಮೇಲೆ ಮಳೆ ಕಡಿಮೆಯಾದದ್ದು ನನಗೆ ಗೊತ್ತಾಗುವ ಮೊದಲೇ, ಒಬ್ಬ ತಾಯಿ ಕೂಸಿನ ತಲೆಗೆ ಸೆರಗು ಎಳೆದದ್ದನ್ನು ನೋಡಿ ಅವರು ಇಳಿಸಿಬಿಟ್ಟಿದ್ದರು.

ಶೋ ಬಿಟ್ಟ ಮೇಲೆ ಶಾಂತಕ್ಕ ಮೆಟ್ಟಿಲು ಹತ್ತಿ ಬಂದರು. "ಇಪ್ಪತ್ತು ವರ್ಷದಿಂದ ಇಲ್ಲಿ ಕುಂತು ಪಿಕ್ಚರ್ ನೋಡಾಕತ್ತೀನಿ," ಎಂದರು. "ಇವತ್ತ ಬಾಜೂಕಿನಾಕಿನ್ನ 'ಏನಂದ?' ಅಂತ ಕೇಳೂ ಪಾಳಿ ಬಂದಿತ್ತು. ಆಮ್ಯಾಲ ನೆಟ್ಟಗಾತು. ಯಾರ ಕೈ ಹಾಕಿದ್ದು?"

ನಾನು ಫಕೀರಪ್ಪ ಕಾಕಾರ ಕಡೆ ತಿರುಗಿ ನಿಂತು, ಅವರಿಗೆ ತುಟಿ ಕಾಣುವ ಹಾಗೆ ಹೇಳಿದೆ. "ಅಕ್ಕಾ, ಕಾಕಾಗ ಕಿವಿ ಕೇಳಸೂದಿಲ್ಲ ಅಂತ ಅವತ್ತ ನಾನ ನಿಮಗ ಹೇಳಿದ್ದೆ. ಅದು ಖರೇ. ಆದ್ರ ಇವತ್ತ ಕಿವಿ ಇದ್ದ ನನಗೂ ಕೇಳಸಲಿಲ್ಲ. ಸೌಂಡ್ ಸರಿ ಮಾಡಿದವರು ಅವರ."

ನಾನು ಮೊದಲೇ ಹೇಳಿದ್ದೆನೆಂಬುದು ಫಕೀರಪ್ಪ ಕಾಕಾರಿಗೆ ತಿಳಿದದ್ದು ಆಗಲೇ. ಅವರು ನನ್ನನ್ನು ನೋಡಿದರು, ಬಹಳ ಹೊತ್ತೇನೂ ಅಲ್ಲ. ನಾನು ತಲೆ ತಗ್ಗಿಸಿದೆ. "ತಪ್ಪಾತ್ರಿ ಕಾಕಾ," ಎಂದೆ.

ಶಾಂತಕ್ಕ ಗುಂಡಿಯ ಹತ್ತಿರ ಬಂದು ನೋಡಿದರು. "ಮಷೀನ್ ರಮೇಶ ನಡಸಲಿ. ಈ ಗುಂಡೀಗೆ ವಾಯರ್ ಎಷ್ಟ ದೂರ ಎಳೀಬಹುದು ತಮ್ಮಾ?"

"ಎಷ್ಟ ಬೇಕಾದ್ರೂ ಎಳೀಬಹುದ್ರಿ."

"ಹಂಗಾದ್ರ ಬಾಲ್ಕನಿ ಹಿಂದಿನ ಗ್ವಾಡಿಗೆ ಹಾಕು. ಬಾಜೂಕ ಒಂದು ಕುರ್ಚಿ ಇಡಸ್ತೀನಿ. ಫಕೀರಪ್ಪಾ, ನಾಳಿಂದ ನಿಂದು ಅಲ್ಲೇ ಡ್ಯೂಟಿ. ಕೇಳಸ್ತೇನು?"

"ಕಾಣಸ್ತೈತ್ರಿ ಅಕ್ಕಾರ," ಎಂದರು ಫಕೀರಪ್ಪ ಕಾಕಾ.

ಕಂಪನಿಯ ಕಟ್ಟಳೆ ಮುರಿದು, ವರದಿಯಲ್ಲಿ ಒಂದಕ್ಷರವೂ ಬರೆಯದೆ, ಮರುದಿನ ಬೆಳಿಗ್ಗೆ ಆ ವಾಯರನ್ನು ನಾನೇ ಎಳೆದೆ. ಇಲಿ ಮುಟ್ಟದ ಹಾಗೆ ಪೈಪಿನೊಳಗೆ ಹಾಕಿದೆ. ಗುಂಡಿ ಎಷ್ಟು ಎತ್ತರಕ್ಕೆ ಇರಲಿ ಎಂದು ಕೇಳಿದಾಗ ಅವರು ಕುರ್ಚಿಯಲ್ಲಿ ಕುಳಿತು, ಹಾಲಿನ ಕಡೆ ಮುಖಮಾಡಿ, ನೋಡದೆಯೇ ಬಲಗೈ ಚಾಚಿ ಗೋಡೆ ಮುಟ್ಟಿ ತೋರಿಸಿದರು. ಅಲ್ಲೇ ಹಾಕಿದೆ. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದರು. ಸ್ವಲ್ಪ ತಡವಾಗಿ ಒಂದೇ ಒಂದು ರೊಟ್ಟಿ ನನ್ನ ಕಡೆ ಬಂತು. ಎರಡಾಗಲು ನಾಲ್ಕು ದಿನ ಹಿಡಿಯಿತು.

ಟಾಕೀಸು ಮುಚ್ಚುವವರೆಗೂ ಅವರು ಅದೇ ಕುರ್ಚಿಯಲ್ಲಿ ಕುಳಿತಿದ್ದರಂತೆ. ರಮೇಶ ಈಗ ಇನ್ನೊಂದು ಕಡೆ ಕೆಲಸದಲ್ಲಿದ್ದಾನೆ, ಅವನೇ ಹೇಳಿದ್ದು. ಕಾಕಾ ತೀರಿಕೊಂಡು ಐದಾರು ವರ್ಷವಾಯಿತೆಂದೂ ಹೇಳಿದ. ಆಮೇಲೆ ನಾನು ಎಷ್ಟೋ ಊರುಗಳಲ್ಲಿ ಎಷ್ಟೋ ಹಾಲುಗಳಿಗೆ ಸೌಂಡ್ ಜೋಡಿಸಿದೆ. ಮೀಟರು ಹಿಡಿಯುವುದನ್ನು ಬಿಡಲಿಲ್ಲ, ಆದರೆ ಮೊದಲ ಶೋಗೆ ಜನ ತುಂಬಿದ ಮೇಲೆ ಅವರ ಹೆಗಲು ನೋಡದೆ ಯಾವ ಹಾಲಿನಿಂದಲೂ ಎದ್ದು ಬಂದಿಲ್ಲ.

ಹೋದ ಭಾನುವಾರದ ಇಂಟರ್ವಲ್ಲಿನಲ್ಲಿ ಮ್ಯಾನೇಜರನ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಒಳಗೆ ಯಾರೋ ಫೋನಿನಲ್ಲಿದ್ದರು, ಕಾಯುತ್ತ ನಿಂತೆ. ಅಷ್ಟರಲ್ಲಿ ಸಿನಿಮಾ ಮತ್ತೆ ಶುರುವಾಯಿತು. ಸರಿ, ಕಾಕಾ ಹೇಳಿದ ಹಾಗೆ ಒಮ್ಮೆ ನೋಡಿಕೊಂಡೇ ಬರೋಣ, ಹೇಳುವ ಮಾತಿಗೆ ಬಲ ಬರುತ್ತದೆ ಎಂದುಕೊಂಡು ಹಾಲಿನೊಳಕ್ಕೆ ಬಂದು, ಪರದೆಗೆ ಬೆನ್ನು ಕೊಟ್ಟು ಮೆಟ್ಟಿಲ ಬದಿಯಲ್ಲಿ ನಿಂತೆ.

ಹೊರಗೆ ಮಳೆ ಬರುತ್ತಿತ್ತು, ಒಳಗೆ ಅದರ ಒಂದು ಹನಿಯ ಸದ್ದೂ ಇರಲಿಲ್ಲ. ಬೆಳಕು ಬಿದ್ದು ಮುಖಗಳು ಒಂದೊಂದಾಗಿ ಕಂಡವು. ಪರದೆಯಲ್ಲಿ ಯಾರೋ ಏನೋ ಅಂದರು, ನನಗೆ ಗೊಣಗಿದ ಹಾಗಷ್ಟೇ ಕೇಳಿತು. ಇಡೀ ಹಾಲು ಒಟ್ಟಿಗೆ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು, ಮಗಳೂ ನಕ್ಕಳು. ಕೊನೆಯ ಸಾಲಿನವರೆಗೂ ಹುಡುಕಿದೆ. ಒಂದು ಹೆಗಲೂ ಬಾಗಿರಲಿಲ್ಲ. ಒಂದು ಕೈಯೂ ಕೂಸಿನ ಕಿವಿಗೆ ಹೋಗಿರಲಿಲ್ಲ. ಯಾರೂ ಯಾರ ಕಡೆಯೂ ನೋಡುತ್ತಿರಲಿಲ್ಲ.

ಸೌಂಡ್ ಬರೋಬ್ಬರಿ ಇತ್ತು. ನಾನು ಮ್ಯಾನೇಜರನ ಕೋಣೆಗೆ ಮತ್ತೆ ಹೋಗಲಿಲ್ಲ. ನನ್ನ ಸಾಲಿಗೆ ಬಂದು, ಹೆಂಡತಿಯ ಪಕ್ಕ ಕುಳಿತು, ಉಳಿದ ಸಿನಿಮಾವನ್ನು ಏನೂ ಕೇಳದೆ ನೋಡಿದೆ.